7550 ಹೇಗೆ 550 ಆಯಿತು: ಚಾಟ್ ಸಂದೇಶಕ್ಕೆ ಬಣ್ಣ ಹಚ್ಚುವ ಸ್ಕ್ರಿಪ್ಟ್‌ನಲ್ಲಿ ದೋಷ ಹುಡುಕುವ ಬಗೆ

ಕಲಬುರಗಿಯ ನೆಹರು ಗಂಜಿನಲ್ಲಿ ನಮ್ಮ ಮಾಮಾರ ಅಡತಿ ಅಂಗಡಿ ಇದೆ. ಕಪನೂರ ಕೈಗಾರಿಕಾ ಪ್ರದೇಶದಲ್ಲಿ ಅವರದೇ ಒಂದು ಸಣ್ಣ ದಾಲ್ ಮಿಲ್ ಇದೆ. ಆಳಂದ, ಜೇವರ್ಗಿ, ಚಿಂಚೋಳಿ, ಸೇಡಂ ಕಡೆಯಿಂದ ಹೊಸ ತೊಗರಿ ಬರಲು ಶುರುವಾದರೆ ಅಂಗಡಿಗೂ ಮಿಲ್‌ಗೂ ನಡುವೆ ದಿನವಿಡೀ ಸಂದೇಶಗಳ ಓಡಾಟ. ಇಷ್ಟು ಚೀಲ ಬಂತು, ಈ ದರಕ್ಕೆ ಹೋಯಿತು, ಲಾರಿ ಹೊರಟಿತು ಎಂದು. ವಾಟ್ಸ್‌ಆ್ಯಪ್ ಗುಂಪಿನಲ್ಲಿ ದರದ ಸಾಲುಗಳು ಶುಭೋದಯದ ಚಿತ್ರಗಳ ನಡುವೆ ಮುಳುಗಿ ಹೋಗುತ್ತಿದ್ದವು. ಹಾಗಾಗಿ ಎರಡೂ ಕಡೆಯ ಹಳೆಯ ಕಂಪ್ಯೂಟರ್‌ಗಳಲ್ಲಿ ಹೆಕ್ಸ್‌ಚಾಟ್ ಎಂಬ ಚಾಟ್ ತಂತ್ರಾಂಶ ಹಾಕಿ, ಐಆರ್‌ಸಿ ಎಂಬ ಹಳೆಯ, ಬರೀ ಪಠ್ಯದ ಚಾಟ್ ವ್ಯವಸ್ಥೆಯಲ್ಲಿ ನಮ್ಮವರಿಗಷ್ಟೇ ಒಂದು ಚಾನೆಲ್ ತೆರೆದುಕೊಟ್ಟೆ. ಒಂದು ಸಾಲಿಗೆ ಒಂದು ಸಂಗತಿ, ಅಷ್ಟೇ.

ಮಿಲ್‌ನಲ್ಲಿ ಕೂರುವ ಮುನೀಮ ಕಾಕಾ ಕೇಳಿದ್ದು ಒಂದೇ: ದರದ ಸಾಲು ಕೆಂಪಗೆ, ಆವಕದ (ಬಂದ ಮಾಲಿನ) ಸಾಲು ಹಸಿರಾಗಿ ಕಾಣಬೇಕು. ಪೈಥಾನ್ ಭಾಷೆಯಲ್ಲಿ ಮೂವತ್ತು ಸಾಲಿನ ಸ್ಕ್ರಿಪ್ಟ್, ಅಂದರೆ ಹೆಕ್ಸ್‌ಚಾಟ್ ಒಳಗೆ ಓಡುವ ಸಣ್ಣ ಪ್ರೋಗ್ರಾಂ, ಬರೆದು ಅವರ ಕಂಪ್ಯೂಟರ್‌ಗೆ ಹಾಕಿದೆ. ಎರಡು ದಿನ ಚೆನ್ನಾಗಿ ನಡೆಯಿತು. ಮೂರನೇ ದಿನ ಬೆಳಿಗ್ಗೆ ಕಾಕಾರ ಫೋನ್ ಬಂತು.

‘ತಮ್ಮಾ, ತೊಗರಿ ಬೆಂಬಲ ಬೆಲೆ ಐನೂರ ಐವತ್ತು ಅಂತ ಬಂದದ. ಇದು ಯಾರು ಬರದಾರ?’

ಅಂಗಡಿಯಲ್ಲಿದ್ದ ಹುಡುಗ ಬರೆದದ್ದು ‘7550 ಬೆಂಬಲ ಬೆಲೆ’ ಎಂದು. 2024-25ರ ಹಂಗಾಮಿಗೆ ಕೇಂದ್ರ ಸರ್ಕಾರ ಕ್ವಿಂಟಲ್ ತೊಗರಿಗೆ ಘೋಷಿಸಿದ್ದ ಬೆಂಬಲ ಬೆಲೆ ಅದೇ. ಅಂಗಡಿಯ ಪರದೆಯಲ್ಲಿ 7550 ಇತ್ತು. ಮಿಲ್‌ನ ಪರದೆಯಲ್ಲಿ 550 ಇತ್ತು, ಅದೂ ಕೆಂಪಲ್ಲದ ಯಾವುದೋ ಬಣ್ಣದಲ್ಲಿ. ಐನೂರ ಐವತ್ತಕ್ಕೆ ತೊಗರಿ ಎಲ್ಲೂ ಸಿಗುವುದಿಲ್ಲ ಎಂದು ಕಾಕಾರಿಗೆ ಗೊತ್ತಿದ್ದರಿಂದ ತಪ್ಪು ಆ ಕ್ಷಣವೇ ಸಿಕ್ಕಿಬಿತ್ತು. ಅದೇ 12 ಚೀಲ ಎಂಬುದು 2 ಚೀಲ ಆಗಿದ್ದರೆ ಯಾರಿಗೂ ಅನುಮಾನ ಬರುತ್ತಿರಲಿಲ್ಲ. ಆ ಯೋಚನೆ ನನ್ನನ್ನು ಕಾಡಿತು. ಅದಕ್ಕೇ ಇದನ್ನು ಇಷ್ಟು ವಿವರವಾಗಿ ಬರೆಯುತ್ತಿದ್ದೇನೆ.

ಮೊದಲು ದೋಷ ಎಲ್ಲಿದೆ ಎಂದು ಜಾಗ ಹಿಡಿಯಿರಿ

ಸಂದೇಶ ಮೂರು ಕಡೆ ಹಾದು ಬರುತ್ತದೆ: ಬರೆದವರ ಕ್ಲೈಂಟ್ (ಅಂದರೆ ಅವರ ಕಂಪ್ಯೂಟರ್‌ನ ಚಾಟ್ ತಂತ್ರಾಂಶ), ನಡುವಿನ ಸರ್ವರ್, ಓದುವವರ ಕ್ಲೈಂಟ್. ಸ್ಕ್ರಿಪ್ಟ್‌ನ ಕೋಡ್ ತೆರೆದು ಕೂರುವ ಮೊದಲು ಈ ಮೂರರಲ್ಲಿ ಎಲ್ಲಿ ಕೆಟ್ಟಿತು ಎಂದು ತಿಳಿಯಬೇಕು. ಅದಕ್ಕೆ ಬೇಕಾದದ್ದು ಕಚ್ಚಾ ಲಾಗ್. ಹೆಕ್ಸ್‌ಚಾಟ್‌ನ ವಿಂಡೋ ಮೆನುವಿನಲ್ಲಿ ರಾ ಲಾಗ್ ಎಂಬ ಕಿಟಕಿ ಇದೆ. ವೀಚಾಟ್ ಎಂಬ ಇನ್ನೊಂದು ಐಆರ್‌ಸಿ ಕ್ಲೈಂಟ್‌ನಲ್ಲಿ ಓರೆಗೆರೆ (/) ಹಾಕಿ ‘ಸರ್ವರ್ ರಾ’ ಎಂಬ ಆಜ್ಞೆ ಕೊಟ್ಟರೆ ಅದೇ ತೆರೆಯುತ್ತದೆ. ಸರ್ವರ್‌ನಿಂದ ತಂತಿಯ ಮೇಲೆ ಬಂದ ಸಾಲು ಅಲ್ಲಿ ಯಾವ ಅಲಂಕಾರವೂ ಇಲ್ಲದೆ ಕಾಣುತ್ತದೆ.

ಮಿಲ್‌ನ ಕಚ್ಚಾ ಲಾಗ್‌ನಲ್ಲಿ 7550 ಸರಿಯಾಗೇ ಇತ್ತು. ಅಂದರೆ ಹುಡುಗ ಬರೆದದ್ದು ಸರಿ, ಸರ್ವರ್ ತಂದದ್ದು ಸರಿ. ಕಚ್ಚಾ ಲಾಗ್‌ಗೂ ಪರದೆಗೂ ನಡುವಿನ ಒಂದು ಗೇಣಿನಲ್ಲಿ ಏಳು ಕಳೆದುಹೋಗಿದೆ, ಆ ಗೇಣಿನಲ್ಲಿ ಕೂತಿರುವುದು ನನ್ನ ಸ್ಕ್ರಿಪ್ಟ್. ಖಚಿತಪಡಿಸಿಕೊಳ್ಳಲು ಸ್ಕ್ರಿಪ್ಟನ್ನು ಹೆಕ್ಸ್‌ಚಾಟ್‌ನಿಂದ ಇಳಿಸಿ, ಅಂದರೆ ನಿಲ್ಲಿಸಿ, ಅದೇ ಸಾಲನ್ನು ಮತ್ತೆ ಕಳಿಸಲು ಹೇಳಿದೆ. ಬಣ್ಣವಿಲ್ಲದೆ 7550 ಬಂತು.

ಈ ಎರಡು ಪರೀಕ್ಷೆಗೆ ಐದು ನಿಮಿಷ ಸಾಕು. ಇವನ್ನು ಬಿಟ್ಟು ನೇರವಾಗಿ ಕೋಡ್ ತಿದ್ದಲು ಹೋದರೆ ಅರ್ಧ ದಿನ ಹೋಗುತ್ತದೆ. ಕೊನೆಗೆ ದೋಷ ಸರ್ವರ್‌ನಲ್ಲಿತ್ತು ಎಂದು ಗೊತ್ತಾಗಲೂಬಹುದು.

ಇನ್ನೊಂದು ಮಾತು. ಪರೀಕ್ಷೆಯನ್ನು ವ್ಯವಹಾರದ ಚಾನೆಲ್‌ನಲ್ಲಿ ಮಾಡಬೇಡಿ. ಬೇರೊಂದು ಖಾಲಿ ಚಾನೆಲ್ ತೆರೆಯಿರಿ. ಪರೀಕ್ಷೆಗೆ ಬರೆದ ದರವನ್ನು ಯಾರಾದರೂ ನಿಜವೆಂದು ಓದಿಕೊಂಡರೆ ಅದರ ಹೊಣೆ ಬರೆದವರ ಮೇಲೇ ಬರುತ್ತದೆ.

ಅಂಕಿ ನುಂಗುವ ಬಣ್ಣ

ಐಆರ್‌ಸಿಯನ್ನು 1988ರಲ್ಲಿ ಫಿನ್‌ಲ್ಯಾಂಡಿನ ಔಲು ವಿಶ್ವವಿದ್ಯಾಲಯದಲ್ಲಿ ಯಾರ್ಕೊ ಓಯ್ಕರಿನೆನ್ ರೂಪಿಸಿದಾಗ ಅದರಲ್ಲಿ ಬಣ್ಣ ಇರಲಿಲ್ಲ. 1993ರಲ್ಲಿ ಆರ್‌ಎಫ್‌ಸಿ 1459 ಎಂದು ಬರಹಕ್ಕಿಳಿದ ನಿಯಮಾವಳಿಯಲ್ಲೂ ಬಣ್ಣದ ಸಂಕೇತಗಳಿಲ್ಲ. ಬಣ್ಣ ಆಮೇಲೆ ಎಂಐಆರ್‌ಸಿ ಎಂಬ ವಿಂಡೋಸ್ ಕ್ಲೈಂಟ್ ಮೂಲಕ ಬಂತು, ಉಳಿದ ಕ್ಲೈಂಟ್‌ಗಳೂ ಅದನ್ನೇ ಒಪ್ಪಿಕೊಂಡವು. ಬಣ್ಣಕ್ಕೆಂದು ಬೇರೆ ಜಾಗ ಇಲ್ಲದ್ದರಿಂದ ಅದನ್ನು ಸಂದೇಶದ ಅಕ್ಷರಗಳ ನಡುವೆಯೇ ತುರುಕಬೇಕಾಯಿತು. ನಮ್ಮ ದೋಷದ ಬೇರು ಇಲ್ಲಿದೆ.

ವಿಧಾನ ಹೀಗಿದೆ. ಕಣ್ಣಿಗೆ ಕಾಣದ ಒಂದು ನಿಯಂತ್ರಣ ಅಕ್ಷರ, ಸಂಖ್ಯೆ 3. ಕೀಲಿಮಣೆಯಲ್ಲಿ ಕಂಟ್ರೋಲ್ ಹಿಡಿದು ಕೆ ಒತ್ತಿದರೆ ಬರುವುದು ಅದೇ. ಅದರ ಬೆನ್ನಿಗೆ ಬಣ್ಣದ ಸಂಖ್ಯೆ. 4 ಎಂದರೆ ಕೆಂಪು, 3 ಎಂದರೆ ಹಸಿರು, 2 ನೀಲಿ, 1 ಕಪ್ಪು, 0 ಬಿಳಿ, 7 ಕಿತ್ತಳೆ, 8 ಹಳದಿ. ಬಣ್ಣದ ಸಂಖ್ಯೆ ಒಂದಂಕಿಯೂ ಇರಬಹುದು, ಎರಡಂಕಿಯೂ ಇರಬಹುದು. ಕ್ಲೈಂಟ್ ಏನು ಮಾಡುತ್ತದೆಂದರೆ, ಆ ಕಾಣದ ಅಕ್ಷರದ ನಂತರ ಅಂಕಿ ಸಿಗುವಷ್ಟು ಹೊತ್ತು, ಹೆಚ್ಚೆಂದರೆ ಎರಡು ಅಂಕಿಗಳನ್ನು ಬಣ್ಣವೆಂದೇ ಓದಿಕೊಳ್ಳುತ್ತದೆ.

ಕಾಣದ ಅಕ್ಷರವನ್ನು «3» ಎಂದು ತೋರಿಸುತ್ತೇನೆ. ನನ್ನ ಸ್ಕ್ರಿಪ್ಟ್ ಕಟ್ಟಿದ ಸಾಲು ಇದು:

«3»47550 ಬೆಂಬಲ ಬೆಲೆ

ನನ್ನ ಮನಸ್ಸಿನಲ್ಲಿ ಇದು ‘4ನೇ ಬಣ್ಣ, ಆಮೇಲೆ 7550’. ಕ್ಲೈಂಟ್‌ಗೆ ಇದು ‘47ನೇ ಬಣ್ಣ, ಆಮೇಲೆ 550’. 47 ಎಂದರೆ ಯಾವ ಬಣ್ಣ ಎಂಬುದು ಕ್ಲೈಂಟ್‌ನಿಂದ ಕ್ಲೈಂಟ್‌ಗೆ ಬೇರೆಯಾಗಬಹುದು, ಆದರೆ ಏಳನ್ನು ನುಂಗುವುದರಲ್ಲಿ ಬದಲಾವಣೆ ಇಲ್ಲ. ಮೊದಲ ಎರಡು ದಿನ ಏಕೆ ಚೆನ್ನಾಗಿತ್ತು ಎಂಬುದೂ ಈಗ ತಿಳಿಯಿತು. ಆ ಎರಡು ದಿನ ಹುಡುಗ ‘ತೊಗರಿ 7420’ ಎಂದು ಬರೆಯುತ್ತಿದ್ದ, ಸಾಲಿನ ತಲೆಯಲ್ಲಿ ಅಕ್ಷರ ಇತ್ತು. ಮೂರನೇ ದಿನ ಅಂಕಿ ತಲೆಗೆ ಬಂತು.

ಮದ್ದು ಸರಳ: ಬಣ್ಣವನ್ನು ಯಾವಾಗಲೂ ಎರಡಂಕಿಯಲ್ಲೇ ಬರೆಯಬೇಕು. 4 ಅಲ್ಲ, 04. ಎರಡಂಕಿ ತುಂಬಿದ ಮೇಲೆ ಕ್ಲೈಂಟ್ ಮೂರನೆಯದಕ್ಕೆ ಕೈ ಹಾಕುವುದಿಲ್ಲ.

«3»047550 ಬೆಂಬಲ ಬೆಲೆ

ಈಗ ಕೆಂಪು ಬಣ್ಣದ 7550. ಇಲ್ಲಿಗೆ ಮುಗಿಯಿತು ಎಂದುಕೊಂಡು ನಾನು ಸಮಾಧಾನದಿಂದ ಮಲಗಿದೆ. ಆದರೆ ಇದೇ ಕಾಯಿಲೆಗೆ ಇನ್ನೂ ಎರಡು ಮುಖ ಇದ್ದವು.

ಒಂದು, ಬಣ್ಣವನ್ನು ಮುಗಿಸುವ ಜಾಗದಲ್ಲಿ. ಕಾಕಾರ ಕೋರಿಕೆಯಂತೆ ಇಡೀ ಸಾಲಿನ ಬದಲು ‘ತೊಗರಿ’ ಎಂಬ ಪದಕ್ಕಷ್ಟೇ ಬಣ್ಣ ಹಚ್ಚಲು ಹೋದೆ. ಬರೀ «3» ಹಾಕಿದರೆ, ಮುಂದೆ ಸಂಖ್ಯೆ ಇಲ್ಲದಿದ್ದರೆ, ಬಣ್ಣ ಅಲ್ಲಿಗೆ ನಿಲ್ಲುತ್ತದೆ. ಹಾಗಾಗಿ ಪದದ ಕೊನೆಗೆ ಬರೀ «3» ಹಾಕಿದೆ. ಗಡಿಬಿಡಿಯಲ್ಲಿ ಹುಡುಗ ‘ತೊಗರಿ7550’ ಎಂದು ಜಾಗ ಬಿಡದೆ ಒತ್ತಿದ. ಮುಗಿಸುವ «3»ರ ಬೆನ್ನಿಗೇ 7550 ಬಂತು, ಕ್ಲೈಂಟ್ 75ನ್ನು ಬಣ್ಣವೆಂದು ಓದಿತು, ಪರದೆಯಲ್ಲಿ ಉಳಿದದ್ದು ‘ತೊಗರಿ50’. ಇದಕ್ಕೆ ಮದ್ದು: ಮುಗಿಸಲು «3»ನ್ನು ಬಳಸಲೇಬಾರದು. 15 ಎಂಬ ಬೇರೆ ನಿಯಂತ್ರಣ ಅಕ್ಷರ ಇದೆ, ಅದು ಬಣ್ಣ, ದಪ್ಪ, ಅಡಿಗೆರೆ ಎಲ್ಲವನ್ನೂ ಒಟ್ಟಿಗೆ ಅಳಿಸಿ ಮೊದಲಿನ ಸ್ಥಿತಿಗೆ ತರುತ್ತದೆ. ಅದು ತನ್ನ ಮುಂದಿನ ಅಂಕಿಯನ್ನು ಮುಟ್ಟುವುದಿಲ್ಲ.

ಎರಡು, ಅಲ್ಪವಿರಾಮ. ಬಣ್ಣದ ಸಂಖ್ಯೆಯ ನಂತರ ಅಲ್ಪವಿರಾಮ, ಅದರ ನಂತರ ಅಂಕಿ ಬಂದರೆ ಅದು ಹಿನ್ನೆಲೆಯ ಬಣ್ಣ. ಕೆಲವರು ಬಣ್ಣ ಮುಗಿಸಲು 99 ಎಂಬ ಸಂಖ್ಯೆ ಬಳಸುತ್ತಾರೆ, ಅದು ಕ್ಲೈಂಟ್‌ನ ಸಹಜ ಬಣ್ಣವನ್ನು ಸೂಚಿಸುತ್ತದೆ. ಆಗ ‘ತೊಗರಿ,7550’ ಎಂಬುದು «3»99,7550 ಆಗಿ, 75 ಹಿನ್ನೆಲೆಗೆ ಹೋಗಿ, ಮತ್ತೆ 50 ಉಳಿಯುತ್ತದೆ. 15ರಿಂದ ಮುಗಿಸಿದರೆ ಈ ತೊಂದರೆಯೂ ಇಲ್ಲ. ಆದರೆ ಬಣ್ಣ ಶುರುವಾಗುವ ಜಾಗದಲ್ಲೇ ಪಠ್ಯ ಅಲ್ಪವಿರಾಮದಿಂದ ಆರಂಭವಾದರೆ? ಅಂಥ ಸಾಲು ಅಪರೂಪ, ಆದರೆ ಬರುತ್ತದೆ. ಅದಕ್ಕೆ ಬಣ್ಣದ ಸಂಖ್ಯೆಗೂ ಪಠ್ಯಕ್ಕೂ ನಡುವೆ ದಪ್ಪಕ್ಷರದ ಸಂಕೇತವನ್ನು, ಅಂದರೆ ಸಂಖ್ಯೆ 2ನ್ನು, ಎರಡು ಸಲ ಹಾಕಿ. ಮೊದಲನೆಯದು ದಪ್ಪ ಮಾಡುತ್ತದೆ, ಎರಡನೆಯದು ತೆಗೆಯುತ್ತದೆ, ಪರದೆಯಲ್ಲಿ ಏನೂ ಬದಲಾಗುವುದಿಲ್ಲ. ನಡುವೆ ಒಂದು ಗೋಡೆ ಮಾತ್ರ ನಿಲ್ಲುತ್ತದೆ. ನಾನು ಈಗ ಎಲ್ಲ ಸಾಲಿಗೂ ಈ ಗೋಡೆ ಹಾಕಿಯೇ ಮುದ್ರಿಸುತ್ತೇನೆ.

ಕನ್ನಡ ಅಂಕಿಯಿಂದಾಗುವ ತೊಡಕೂ ಇಲ್ಲಿಗೇ ಸೇರಿದ್ದು. ಬಣ್ಣ ಬದಲಿಸಲು ಕಾಕಾರಿಗೆ ಒಂದು ಸಣ್ಣ ಆಜ್ಞೆ ಮಾಡಿಕೊಟ್ಟಿದ್ದೆ, ಅವರು ಕನ್ನಡ ಕೀಲಿಮಣೆಯಲ್ಲಿ ೪ ಎಂದು ಒತ್ತಿದರು. ಪೈಥಾನ್‌ನ ‘ಇದು ಅಂಕಿಯೇ’ ಎಂದು ಕೇಳುವ ಪರೀಕ್ಷೆ ಕನ್ನಡದ ೪ಕ್ಕೂ ಹೌದು ಎನ್ನುತ್ತದೆ, ಅದು ಸರಿಯೇ. ಆದರೆ ಚಾಟ್ ಕ್ಲೈಂಟ್ ಬಣ್ಣದ ಸಂಖ್ಯೆಯನ್ನು ಇಂಗ್ಲಿಷ್ ಅಂಕಿಯಲ್ಲಿ ಮಾತ್ರ ಓದುತ್ತದೆ. ಹಾಗಾಗಿ ಬಣ್ಣ ಬಾರದೆ ಪ್ರತಿ ಸಾಲಿನ ಮುಂದೆಯೂ ಒಂದು ೪ ಅಂಟಿಕೊಂಡು ಬಂತು. ಬಳಕೆದಾರರು ಕೊಟ್ಟದ್ದನ್ನು ನೇರವಾಗಿ ಸಾಲಿಗೆ ಅಂಟಿಸದೆ ಮೊದಲು ಇಂಟ್ ಮೂಲಕ ಪೂರ್ಣಾಂಕ ಮಾಡಿ, ಆಮೇಲೆ ಎರಡಂಕಿಯಾಗಿ ಮುದ್ರಿಸಿದರೆ ೪ ಎಂಬುದು 04 ಆಗುತ್ತದೆ. ಪೈಥಾನ್‌ನ ಇಂಟ್ ಕನ್ನಡ ಅಂಕಿಯನ್ನು ಚೆನ್ನಾಗಿಯೇ ಓದುತ್ತದೆ.

ಸ್ಕ್ರಿಪ್ಟ್ ಕಟ್ಟಿದ ಸಾಲಿನಲ್ಲಿ ನಿಜವಾಗಿ ಏನಿದೆ ಎಂದು ನೋಡಲು ಪೈಥಾನ್‌ನ ಆಸ್ಕಿ ಎಂಬ ಫಂಕ್ಷನ್‌ಗೆ ಆ ಸಾಲು ಕೊಟ್ಟು ಮುದ್ರಿಸಿ. ಕಾಣದ ಅಕ್ಷರಗಳೆಲ್ಲ ತಮ್ಮ ಸಂಕೇತ ಸಂಖ್ಯೆಯೊಂದಿಗೆ ಕಾಣಿಸಿಕೊಳ್ಳುತ್ತವೆ. ಸಾಮಾನ್ಯವಾಗಿ ಮುದ್ರಿಸಿದರೆ ಏನೂ ತಿಳಿಯುವುದಿಲ್ಲ, ಏಕೆಂದರೆ ಪರದೆ ಆ ಅಕ್ಷರಗಳನ್ನು ಪಾಲಿಸಿಬಿಡುತ್ತದೆ.

ಲುವಾ ಎಂಬ ಇನ್ನೊಂದು ಭಾಷೆಯಲ್ಲಿ ಸ್ಕ್ರಿಪ್ಟ್ ಬರೆಯುವವರಿಗೆ ಒಂದು ಎಚ್ಚರಿಕೆ. ಅಲ್ಲಿ ಹಿಮ್ಮುಖ ಓರೆಗೆರೆಯ (\) ನಂತರದ ಅಂಕಿಗಳು ದಶಮಾಂಶ ಪದ್ಧತಿಯವು, ಮೂರು ಅಂಕಿಯವರೆಗೆ ಲುವಾ ಒಟ್ಟಿಗೇ ಓದಿಕೊಳ್ಳುತ್ತದೆ. ಹಿಮ್ಮುಖ ಓರೆಗೆರೆ, 3, 4 ಎಂದು ಒಟ್ಟಿಗೆ ಬರೆದರೆ ಅದು 34ನೇ ಅಕ್ಷರ, ಅಂದರೆ ಉದ್ಧರಣ ಚಿಹ್ನೆ ಆಗುತ್ತದೆ. ನಿಯಂತ್ರಣ ಅಕ್ಷರವನ್ನು ಒಂದು ತುಂಡಾಗಿ, ಬಣ್ಣದ ಸಂಖ್ಯೆಯನ್ನು ಇನ್ನೊಂದು ತುಂಡಾಗಿ ಬರೆದು ಜೋಡಿಸಿ.

‘ತೊಗರಿಬೇಳೆ’ಗೆ ಬಣ್ಣ ಬರುತ್ತದೆ, ‘ತೊಗರಿ’ಗೆ ಬರುವುದಿಲ್ಲ

ನನ್ನನ್ನು ಅತಿ ಹೆಚ್ಚು ದಣಿಸಿದ ದೋಷ ಇದು. ‘ತೊಗರಿ’ ಎಂಬ ಪದ ಪೂರ್ಣಪದವಾಗಿ ಬಂದಾಗ ಮಾತ್ರ ಹಿಡಿಯಲು ರೆಗ್ಯುಲರ್ ಎಕ್ಸ್‌ಪ್ರೆಶನ್‌ನಲ್ಲಿ (ಪಠ್ಯದಲ್ಲಿ ಮಾದರಿ ಹುಡುಕುವ ಸೂತ್ರದಲ್ಲಿ) ಪದದ ಎರಡೂ ಬದಿಗೆ ಗಡಿಯ ಗುರುತು ಹಾಕಿದ್ದೆ. ಇಂಗ್ಲಿಷ್ ಪದಗಳಿಗೆ ವರ್ಷಗಳಿಂದ ಮಾಡಿಕೊಂಡು ಬಂದ ಕೆಲಸ. ಫಲಿತಾಂಶ ತಲೆಕೆಳಗು: ‘ತೊಗರಿ ಬಂದದ’ ಎಂಬ ಸಾಲಿಗೆ ಬಣ್ಣ ಇಲ್ಲ, ‘ತೊಗರಿಬೇಳೆ ಬಂದದ’ ಎಂಬ ಸಾಲಿನಲ್ಲಿ ಮೊದಲ ಮೂರಕ್ಷರ ಕೆಂಪು!

ಕಾರಣ ನಮ್ಮ ಕಾಗುಣಿತದಲ್ಲಿದೆ. ಕಂಪ್ಯೂಟರ್‌ಗೆ ‘ತೊಗರಿ’ ಎಂಬುದು ಮೂರು ಅಕ್ಷರವಲ್ಲ, ಐದು ಸಂಕೇತ: ತ, ಒತ್ವದ ಚಿಹ್ನೆ, ಗ, ರ, ಗುಡಿಸು. ಪೈಥಾನ್‌ನ ರೆಗ್ಯುಲರ್ ಎಕ್ಸ್‌ಪ್ರೆಶನ್ ಘಟಕವು ತ, ಗ, ರ ಇವನ್ನು ಪದದ ಅಕ್ಷರ ಎಂದು ಒಪ್ಪುತ್ತದೆ, ಕಾಗುಣಿತದ ಚಿಹ್ನೆಗಳನ್ನು ಒಪ್ಪುವುದಿಲ್ಲ. ಅದಕ್ಕೆ ಗುಡಿಸು ಎಂದರೆ ಖಾಲಿ ಜಾಗ, ಪೂರ್ಣವಿರಾಮಗಳ ಸಾಲಿನದೇ ಒಂದು ಚಿಹ್ನೆ. ಪದದ ಗಡಿ ಎಂದರೆ ಒಂದು ಬದಿಗೆ ಪದದ ಅಕ್ಷರ, ಇನ್ನೊಂದು ಬದಿಗೆ ಅಲ್ಲದ್ದು. ‘ತೊಗರಿ’ಯ ನಂತರ ಜಾಗ ಇದ್ದರೆ ಒಂದು ಬದಿಗೆ ಗುಡಿಸು, ಇನ್ನೊಂದು ಬದಿಗೆ ಜಾಗ. ಎರಡೂ ‘ಪದದ ಅಕ್ಷರವಲ್ಲ’, ಹಾಗಾಗಿ ಅಲ್ಲಿ ಗಡಿಯೇ ಇಲ್ಲ. ‘ತೊಗರಿಬೇಳೆ’ಯಲ್ಲಿ ಗುಡಿಸಿನ ನಂತರ ಬ ಬರುತ್ತದೆ, ಅದು ಪದದ ಅಕ್ಷರ, ಅಲ್ಲಿ ಗಡಿ ಸಿಕ್ಕಿಬಿಡುತ್ತದೆ.

ಹೀಗಾಗಿ ಕನ್ನಡ ಪದ ಹುಡುಕಲು ಆ ಗಡಿ ಗುರುತನ್ನು ನಂಬಬೇಡಿ. ನಾನು ಮಾಡಿದ್ದು: ಸಾಲನ್ನು ಖಾಲಿ ಜಾಗದಲ್ಲಿ ತುಂಡರಿಸಿ, ಪ್ರತಿ ತುಂಡಿನ ತುದಿಯ ವಿರಾಮ ಚಿಹ್ನೆಗಳನ್ನು ಉದುರಿಸಿ, ಅದು ‘ತೊಗರಿ’ಯಿಂದ ಆರಂಭವಾಗುತ್ತದೆಯೇ ಎಂದು ಕೇಳಿದೆ. ಕನ್ನಡದಲ್ಲಿ ವಿಭಕ್ತಿ ಪದದ ಬಾಲಕ್ಕೆ ಅಂಟುವುದರಿಂದ ‘ತೊಗರಿಗೆ’, ‘ತೊಗರಿಯ’, ನಮ್ಮ ಕಡೆಯ ‘ತೊಗರಿದು’ ಎಲ್ಲವೂ ಬೇಕು. ಪೂರ್ಣಪದ ಹುಡುಕುವುದೇ ನಮ್ಮ ಭಾಷೆಗೆ ಒಗ್ಗದ ಹಂಬಲವಾಗಿತ್ತು. ಬೇಳೆಯನ್ನು ಬೇರ್ಪಡಿಸಬೇಕಿದ್ದರೆ ‘ತೊಗರಿಬೇಳೆ’ಯನ್ನು ಮೊದಲು ಪರೀಕ್ಷಿಸಿ, ಆಮೇಲೆ ‘ತೊಗರಿ’ಯನ್ನು.

ಇಷ್ಟಾದ ಮೇಲೂ ಕೆಲವು ಸಾಲುಗಳು ಬಣ್ಣವಿಲ್ಲದೆ ಬರುತ್ತಿದ್ದವು. ಕಣ್ಣಿಗೆ ಒಂದೇ ‘ತೊಗರಿ’. ಆಸ್ಕಿಗೆ ಕೊಟ್ಟು ನೋಡಿದಾಗ ಒಂದರಲ್ಲಿ ಐದು ಸಂಕೇತ, ಇನ್ನೊಂದರಲ್ಲಿ ಆರು. ‘ತೊ’ದ ಒತ್ವವನ್ನು ಯೂನಿಕೋಡ್‌ನಲ್ಲಿ ಎರಡು ರೀತಿ ಬರೆಯಬಹುದು. 3274 ಎಂಬ ಒಂದೇ ಸಂಕೇತವಾಗಿ, ಅಥವಾ ಎತ್ವದ 3270, ದೀರ್ಘ ಕೊಂಬಿನ 3266 ಎಂಬ ಎರಡು ಸಂಕೇತಗಳಾಗಿ. ಮುದ್ರಣದಲ್ಲಿ ಎರಡೂ ಒಂದೇ. ಹೋಲಿಕೆಯಲ್ಲಿ ಎರಡೂ ಬೇರೆ. ಬೇರೆಡೆಯಿಂದ ನಕಲು ಮಾಡಿ ಅಂಟಿಸಿದ ಪಠ್ಯದಲ್ಲಿ ಬಿಡಿಸಿ ಬರೆದ ರೂಪ ಬಂದುಬಿಡುತ್ತದೆ. ಓತ್ವ, ಏತ್ವ, ಐತ್ವ, ದೀರ್ಘ ಗುಡಿಸುಗಳಿಗೂ ಇದೇ ಕತೆ. ಮದ್ದು: ಹೋಲಿಸುವ ಮೊದಲು ಎರಡೂ ಬದಿಯ ಪಠ್ಯವನ್ನು ಎನ್‌ಎಫ್‌ಸಿ ರೂಪಕ್ಕೆ, ಅಂದರೆ ಬಿಡಿಸಿ ಬರೆದ ಸಂಕೇತಗಳನ್ನು ಒಂದಾಗಿ ಕೂಡಿಸಿದ ರೂಪಕ್ಕೆ, ತರುವುದು. ಪೈಥಾನ್‌ನ ಯೂನಿಕೋಡ್ ಡೇಟಾ ಎಂಬ ಘಟಕದಲ್ಲಿ ನಾರ್ಮಲೈಸ್ ಫಂಕ್ಷನ್ ಇದೆ.

ಎನ್‌ಎಫ್‌ಸಿ ಮಾಡಿದರೂ ಹೋಗದ ಒಂದಿದೆ. ‘ದಾಲ್‌ಮಿಲ್’ ಎಂಬಲ್ಲಿ ಲ್ ಕೆಳಗೆ ಮ ಒತ್ತಾಗದಂತೆ ತಡೆಯಲು ನಾವು ಹಾಕುವ ಕಾಣದ ಅಕ್ಷರ, ಸಂಖ್ಯೆ 8204. ಒಬ್ಬರು ಹಾಕಿ ಬರೆಯುತ್ತಾರೆ, ಒಬ್ಬರು ಹಾಕದೆ ಬರೆಯುತ್ತಾರೆ. ಹೋಲಿಕೆಗಾಗಿ ಮಾಡಿಕೊಂಡ ಪ್ರತಿಯಲ್ಲಿ 8204, 8205 ಎರಡನ್ನೂ ತೆಗೆದುಹಾಕಿ. ಪರದೆಗೆ ಕಳಿಸುವ ಮೂಲದಲ್ಲಿ ಮಾತ್ರ ತೆಗೆಯಬೇಡಿ, ಅಕ್ಷರಗಳು ಒತ್ತಾಗಿ ಓದಲು ತೊಡಕಾಗುತ್ತದೆ.

ಹೆಸರು ಸರಿ ಇದ್ದರೂ ಹೋಲಿಕೆ ಆಗುವುದಿಲ್ಲ

ಮಾಮಾ ಬರೆದ ಸಾಲುಗಳಿಗೆ ಬೇರೆ ಬಣ್ಣ ಎಂದು ಸ್ಕ್ರಿಪ್ಟ್‌ನಲ್ಲಿ ಅವರ ಅಡ್ಡಹೆಸರನ್ನು ಹೋಲಿಸಿದ್ದೆ. ನನ್ನ ಕಂಪ್ಯೂಟರ್‌ನಲ್ಲಿ ಸರಿ, ಮಿಲ್‌ನಲ್ಲಿ ಒಂದು ಸಾಲಿಗೂ ಬಣ್ಣ ಇಲ್ಲ. ಮಿಲ್‌ನ ಹೆಕ್ಸ್‌ಚಾಟ್‌ನಲ್ಲಿ ‘ಹೆಸರುಗಳಿಗೆ ಬಣ್ಣ’ ಎಂಬ ಆಯ್ಕೆ ಚಾಲೂ ಇತ್ತು. ಆಗ ಸ್ಕ್ರಿಪ್ಟ್‌ಗೆ ಬರುವ ಹೆಸರಿನ ಹೊಟ್ಟೆಯಲ್ಲೇ ಬಣ್ಣದ ಸಂಕೇತ ಕೂತಿರುತ್ತದೆ. ಹೆಸರನ್ನು ಹೆಕ್ಸ್‌ಚಾಟ್‌ನ ಸ್ಟ್ರಿಪ್ ಫಂಕ್ಷನ್ ಮೂಲಕ ತೊಳೆದು ಆಮೇಲೆ ಹೋಲಿಸಿ. ‘ನನ್ನಲ್ಲಿ ನಡೆಯುತ್ತದೆ, ಅವರಲ್ಲಿ ನಡೆಯುವುದಿಲ್ಲ’ ಎಂಬ ದೂರು ಬಂದರೆ ಮೊದಲು ಎರಡೂ ಕಡೆಯ ಆಯ್ಕೆಗಳನ್ನು ಪಕ್ಕಪಕ್ಕ ಇಟ್ಟು ನೋಡಬೇಕು.

ಹೆಸರಿಗೆ ತಕ್ಕ ಬಣ್ಣವನ್ನು ತಾನಾಗಿ ಕೊಡಲು ಪೈಥಾನ್‌ನ ಹ್ಯಾಶ್ ಫಂಕ್ಷನ್ (ಪಠ್ಯದಿಂದ ಒಂದು ಸಂಖ್ಯೆ ಮಾಡಿಕೊಡುವುದು) ಬಳಸಿದವರು ಇನ್ನೊಂದನ್ನು ಕಾಣುತ್ತಾರೆ: ಪ್ರತಿದಿನ ಬೆಳಿಗ್ಗೆ ಕಂಪ್ಯೂಟರ್ ಹಚ್ಚಿದಾಗ ಎಲ್ಲರ ಬಣ್ಣವೂ ಬದಲು. ಪೈಥಾನ್ 3.3ರಿಂದ ಪಠ್ಯದ ಹ್ಯಾಶ್ ಪ್ರತಿ ಸಲ ಬೇರೆ ಬರುವಂತೆ, ಭದ್ರತೆಗಾಗಿ, ಮಾಡಲಾಗಿದೆ. ಅದರ ಬದಲು ಜೆಡ್‌ಲಿಬ್ ಘಟಕದ ಸಿಆರ್‌ಸಿ32 ಬಳಸಿ, ಒಂದು ಹೆಸರಿಗೆ ಎಂದಿಗೂ ಒಂದೇ ಸಂಖ್ಯೆ.

ಸಾಲು ಎರಡು ಸಲ, ಅಥವಾ ಸಾಲೇ ಇಲ್ಲ, ಅಥವಾ ಕ್ಲೈಂಟ್ ಸ್ತಬ್ಧ

ಇವು ಮೂರೂ ಒಂದೇ ಜಾಗದ ದೋಷಗಳು. ಸ್ಕ್ರಿಪ್ಟ್ ಸಂದೇಶವನ್ನು ತಡೆದು, ಬಣ್ಣ ಹಚ್ಚಿ, ತಾನೇ ಮುದ್ರಿಸಿ, ಕೊನೆಗೆ ಮೂಲ ಸಂದೇಶವನ್ನು ಏನು ಮಾಡಬೇಕೆಂದು ಹೆಕ್ಸ್‌ಚಾಟ್‌ಗೆ ಹೇಳಬೇಕು. ಈಟ್ ನನ್ ಎಂದು ಹಿಂತಿರುಗಿಸಿದರೆ ಮೂಲವೂ ಮುದ್ರಣವಾಗುತ್ತದೆ, ಬಣ್ಣದ್ದೊಂದು, ಬಣ್ಣವಿಲ್ಲದ್ದೊಂದು, ಎರಡು ಸಾಲು. ಈಟ್ ಆಲ್ ಎಂದು ಹಿಂತಿರುಗಿಸಿ, ತಾನು ಮುದ್ರಿಸುವುದನ್ನು ಯಾವುದೋ ಕವಲಿನಲ್ಲಿ ಮರೆತರೆ ಸಂದೇಶವೇ ಮಾಯ. ಎರಡನೆಯದು ಹೆಚ್ಚು ಅಪಾಯದ್ದು, ಏಕೆಂದರೆ ಬಾರದ ಸಂದೇಶದ ಬಗ್ಗೆ ಯಾರೂ ಫೋನ್ ಮಾಡುವುದಿಲ್ಲ.

ಕ್ಲೈಂಟ್ ಸ್ತಬ್ಧವಾಗುವುದಕ್ಕೆ ಕಾರಣ, ನೀವು ಮುದ್ರಿಸಿದ ಸಾಲೂ ಒಂದು ಸಂದೇಶವೇ. ಅದೂ ನಿಮ್ಮ ಸ್ಕ್ರಿಪ್ಟ್‌ಗೇ ಮತ್ತೆ ಬರುತ್ತದೆ, ಅದಕ್ಕೂ ಬಣ್ಣ ಹಚ್ಚಿ ಮತ್ತೆ ಮುದ್ರಿಸುತ್ತದೆ, ಗಾಣದ ಎತ್ತಿನಂತೆ ಸುತ್ತುತ್ತಲೇ ಇರುತ್ತದೆ. ‘ಈಗ ನಾನೇ ಮುದ್ರಿಸುತ್ತಿದ್ದೇನೆ’ ಎಂಬ ಒಂದು ಬಾವುಟ ಇಟ್ಟುಕೊಳ್ಳಿ. ಮುದ್ರಿಸುವ ಮೊದಲು ಏರಿಸಿ, ಮುದ್ರಿಸಿದ ಮೇಲೆ ಇಳಿಸಿ, ಬಾವುಟ ಏರಿದ್ದಾಗ ಬಂದ ಸಂದೇಶವನ್ನು ಮುಟ್ಟದೆ ಬಿಡಿ. ಇಳಿಸುವ ಕೆಲಸವನ್ನು ಫೈನಲಿ ಭಾಗದಲ್ಲಿಡಿ, ಇಲ್ಲವಾದರೆ ನಡುವೆ ಎಲ್ಲಾದರೂ ದೋಷ ಬಂದು ನಿಂತರೆ ಬಾವುಟ ಏರಿದಂತೆಯೇ ಉಳಿದು ಆಮೇಲೆ ಯಾವ ಸಾಲಿಗೂ ಬಣ್ಣ ಬರುವುದಿಲ್ಲ.

ಕೋಡ್ ತಿದ್ದಿದರೂ ಏನೂ ಬದಲಾಗುತ್ತಿಲ್ಲ ಎಂದರೆ ಸ್ಕ್ರಿಪ್ಟನ್ನು ಇಳಿಸಿ ಮತ್ತೆ ಏರಿಸಿಲ್ಲ. ಬಣ್ಣ ವಿಚಿತ್ರವಾಗಿ ಬೆರೆತಿದ್ದರೆ ಹಳೆಯ ಪ್ರತಿ ಬೇರೆ ಹೆಸರಿನಲ್ಲಿ ಆ್ಯಡ್‌ಆನ್ಸ್ ಕಡತಕೋಶದಲ್ಲಿ ಕೂತಿರಬಹುದು, ಅಲ್ಲಿರುವುದೆಲ್ಲ ತಾನಾಗಿ ಏರುತ್ತದೆ.

ಎಲ್ಲರ ಸಾಲಿಗೂ ಬಣ್ಣ ಬಂದು, ನಿಮ್ಮ ಹೆಸರು ಹಿಡಿದು ಕರೆದ ಸಾಲಿಗೆ ಮಾತ್ರ ಬಾರದಿದ್ದರೆ ಆಶ್ಚರ್ಯಪಡಬೇಡಿ. ಹೆಕ್ಸ್‌ಚಾಟ್‌ಗೆ ಅದು ‘ಚಾನೆಲ್ ಮೆಸೇಜ್’ ಅಲ್ಲ, ಹೈಲೈಟ್ ಎಂಬ ಬೇರೆಯೇ ಘಟನೆ. ನೀವೇ ಬರೆದದ್ದು ಇನ್ನೊಂದು. ಪ್ರತಿಯೊಂದಕ್ಕೂ ಬೇರೆ ಕೊಕ್ಕೆ (ಹುಕ್) ಹಾಕಿ ಸ್ಕ್ರಿಪ್ಟ್‌ಗೆ ಜೋಡಿಸಬೇಕು. ಹೈಲೈಟ್ ಘಟನೆಯ ಇಂಗ್ಲಿಷ್ ಹೆಸರಿನ ‘ಹೈ’ನ ಕೊನೆಯಲ್ಲಿ ಜಿ, ಎಚ್ ಅಕ್ಷರಗಳಿಲ್ಲ, ನಿಘಂಟಿನಂತೆ ಬರೆದರೆ ಕೊಕ್ಕೆ ಬೀಳುವುದಿಲ್ಲ, ಯಾವ ದೂರೂ ಬರುವುದಿಲ್ಲ. ಸೆಟ್ಟಿಂಗ್ಸ್‌ನ ಟೆಕ್ಸ್ಟ್ ಈವೆಂಟ್ಸ್ ಪಟ್ಟಿಯಿಂದ ನೋಡಿಕೊಂಡೇ ಬರೆಯಿರಿ.

ನೀವು ಕಳಿಸಿದ ಬಣ್ಣ ಅವರಿಗೆ ಕಾಣುವುದಿಲ್ಲ

ಇಲ್ಲಿಯವರೆಗೆ ಓದುವವರ ಕಡೆ ಬಣ್ಣ ಹಚ್ಚುವ ಮಾತಾಯಿತು. ಕಳಿಸುವಾಗಲೇ ಹಚ್ಚಿ ಕಳಿಸುವ ಸ್ಕ್ರಿಪ್ಟ್ ಆದರೆ ನಡುವೆ ಸರ್ವರ್‌ನ ನಿಯಮ ಬರುತ್ತದೆ. ಚಾನೆಲ್‌ಗೆ ಸಿ ಎಂಬ ಮೋಡ್ ಹಾಕಿದ್ದರೆ ಕೆಲವು ಸರ್ವರ್‌ಗಳು ಬಣ್ಣ ತೆಗೆದು ಪಠ್ಯವನ್ನಷ್ಟೇ ದಾಟಿಸುತ್ತವೆ, ಕೆಲವು ಸಂದೇಶವನ್ನೇ ನಿರಾಕರಿಸಿ 404 ಎಂಬ ಉತ್ತರ ಕಳಿಸುತ್ತವೆ. ಕಚ್ಚಾ ಲಾಗ್‌ನಲ್ಲಿ ಎರಡೂ ಸ್ಪಷ್ಟವಾಗಿ ಕಾಣುತ್ತವೆ.

ಉದ್ದದ ಮಿತಿಯೂ ಇದೆ. ಐಆರ್‌ಸಿಯ ಒಂದು ಸಾಲು ಕೊನೆಯ ಎರಡು ಬೈಟ್ ಸೇರಿ 512 ಬೈಟ್. ಕಳಿಸಿದವರ ಹೆಸರು, ವಿಳಾಸ, ಚಾನೆಲ್ ಹೆಸರು ಇದರೊಳಗೇ ಬರಬೇಕು. ಕನ್ನಡದ ಒಂದೊಂದು ಸಂಕೇತಕ್ಕೂ ಯುಟಿಎಫ್-8 ಎಂಬ ಸಂಕೇತ ಪದ್ಧತಿಯಲ್ಲಿ 3 ಬೈಟ್ ಬೇಕು, ‘ತೊಗರಿ’ ಒಂದಕ್ಕೇ 15. ಇಂಗ್ಲಿಷಿನಲ್ಲಿ ನಾನೂರು ಅಕ್ಷರ ಹಿಡಿಯುವ ಜಾಗದಲ್ಲಿ ಕನ್ನಡದ ನೂರಮೂವತ್ತು ಸಂಕೇತ ಹಿಡಿದರೆ ಹೆಚ್ಚು. ಸ್ಕ್ರಿಪ್ಟ್ ಬಣ್ಣದ ಸಂಕೇತ ಸೇರಿಸಿ ಸಾಲನ್ನು ಇನ್ನೂ ಉದ್ದ ಮಾಡಿದಾಗ ಕೊನೆಯ ಅಕ್ಷರ ನಡುವೆ ತುಂಡಾಗಿ ಪ್ರಶ್ನಾರ್ಥಕದ ಚೌಕ ಬರುತ್ತದೆ. ಉದ್ದವನ್ನು ಅಕ್ಷರದಲ್ಲಿ ಎಣಿಸದೆ ಬೈಟ್‌ನಲ್ಲಿ ಎಣಿಸಿ ಸಾಲು ಮುರಿಯಿರಿ, ಮುರಿದ ಪ್ರತಿ ಸಾಲಿನ ತಲೆಗೂ ಬಣ್ಣವನ್ನು ಮತ್ತೆ ಹಾಕಿ. ಸಾಲು ಮುಗಿದಲ್ಲಿಗೆ ಬಣ್ಣವೂ ಮುಗಿಯುತ್ತದೆ.

ನನ್ನ ಅಭಿಪ್ರಾಯ ಕೇಳಿದರೆ, ಕಳಿಸುವಾಗ ಬಣ್ಣ ಹಚ್ಚಲೇಬೇಡಿ. ಓದುವವರ ಪರದೆ ಕಪ್ಪೋ ಬಿಳಿಯೋ ನಿಮಗೆ ಗೊತ್ತಿರುವುದಿಲ್ಲ, ಬಿಳಿಯ ಮೇಲೆ 8ನೇ ಹಳದಿ, ಕಪ್ಪಿನ ಮೇಲೆ 1ನೇ ಕಪ್ಪು ಓದಲು ಬರುವುದಿಲ್ಲ. ಕೆಂಪು ಹಸಿರು ಬೇರ್ಪಡಿಸಲಾಗದ ಕಣ್ಣುಗಳೂ ಇವೆ. ನಮ್ಮ ಕಾಕಾರದ್ದು ಅಂಥ ಕಣ್ಣು ಎಂಬುದು ಈ ಸ್ಕ್ರಿಪ್ಟ್ ದೆಸೆಯಿಂದಲೇ ತಿಳಿಯಿತು. ‘ಎರಡೂ ಒಂದೇ ಕಾಣಸ್ತಾವಲ್ಲ ತಮ್ಮಾ’ ಎಂದರು. ದರಕ್ಕೆ ಕಿತ್ತಳೆ, ಆವಕಕ್ಕೆ ನೀಲಿ ಮಾಡಿ, ದರದ ಸಾಲಿನ ತಲೆಗೆ ‘ದರ’ ಎಂಬ ಪದವನ್ನೂ ಸೇರಿಸಿಕೊಟ್ಟೆ.

ಈಗ ಸ್ಕ್ರಿಪ್ಟ್‌ನ ಕೊನೆಯಲ್ಲಿ ಒಂದು ತಪಾಸಣೆ ಇದೆ, ಇದನ್ನು ಮೊದಲ ದಿನವೇ ಹಾಕಬೇಕಿತ್ತು. ಬಣ್ಣ ಹಚ್ಚಿದ ಸಾಲನ್ನು ಮುದ್ರಿಸುವ ಮೊದಲು ಅದನ್ನೇ ಸ್ಟ್ರಿಪ್‌ಗೆ ಕೊಟ್ಟು ಬಣ್ಣ ತೆಗೆಸುತ್ತೇನೆ. ಸ್ಟ್ರಿಪ್ ಕೂಡ ಕ್ಲೈಂಟ್‌ನಂತೆಯೇ ಅಂಕಿ ನುಂಗುವುದರಿಂದ, ತಪ್ಪಾಗಿ ಕಟ್ಟಿದ ಸಾಲು ಅಲ್ಲೂ 550 ಆಗಿಯೇ ಹೊರಬರುತ್ತದೆ. ಅದನ್ನು ತೊಳೆದ ಮೂಲ ಸಂದೇಶದ ಜೊತೆ ಹೋಲಿಸುತ್ತೇನೆ. ‘ದರ’ ಎಂಬ ಪದವನ್ನು ಈ ತಪಾಸಣೆ ದಾಟಿದ ಮೇಲೆ ಮುಂದೆ ಸೇರಿಸುತ್ತೇನೆ. ಒಂದಕ್ಷರ ಹೆಚ್ಚುಕಡಿಮೆ ಆದರೂ ಬಣ್ಣ ಬಿಟ್ಟು ಮೂಲವನ್ನೇ ತೋರಿಸುತ್ತದೆ.

ಪರೀಕ್ಷೆಯ ಸಾಲುಗಳನ್ನೂ ಒಂದು ಕಡತದಲ್ಲಿ ಇಟ್ಟುಕೊಂಡಿದ್ದೇನೆ: ‘7550 ಬೆಂಬಲ ಬೆಲೆ’, ‘ತೊಗರಿ7550’, ‘ತೊಗರಿ,7550’, ‘,50 ಕಡಿಮೆ’, ‘೭೫೫೦’, ಐದು ಸಂಕೇತದ ತೊಗರಿ, ಆರು ಸಂಕೇತದ ತೊಗರಿ, ‘ತೊಗರಿಬೇಳೆ’, ಕಾಕಾರ ಹೆಸರು ಹಿಡಿದು ಕರೆದ ಒಂದು ಸಾಲು, ಇನ್ನೂರು ಸಂಕೇತದ ಒಂದು ಉದ್ದ ಸಾಲು. ಸ್ಕ್ರಿಪ್ಟ್ ಮುಟ್ಟಿದಾಗಲೆಲ್ಲ ಗಂಜಿನಲ್ಲಿ ಹರಾಜು ಶುರುವಾಗುವ ಮುನ್ನ ಖಾಲಿ ಚಾನೆಲ್‌ನಲ್ಲಿ ಇವನ್ನು ಓಡಿಸುತ್ತೇನೆ. ದರದ ಸಾಲೊಂದು ಬಣ್ಣವಿಲ್ಲದೆ ಬಂದರೆ ಫೋನ್ ಮಾಡಿರಿ ಎಂದು ಕಾಕಾರಿಗೆ ಹೇಳಿಟ್ಟಿದ್ದೇನೆ.